ಚಪ್ಪಡಿ ಸಂದಿನ ಸೊಪ್ಪು

ಕೊಪ್ಪದ ನನ್ನ ಮನೆಯ ತಾರಸಿಯಲ್ಲಿ, ಮೆಟ್ಟಿಲಿನ ಮೇಲೆ ಹಾಕಿದ ಶೀಟಿನ ಅಂಚಿಗೆ, ಒಂದು ಹಳೆಯ ಎಣ್ಣೆ ಡಬ್ಬ ಇದೆ. ಅದನ್ನು ಅಡ್ಡಕ್ಕೆ ಕತ್ತರಿಸಿ, ತಳಕ್ಕೆ ಆರು ತೂತು ಹೊಡೆದು, ಹೆಂಚಿನ ಚೂರು, ಮರಳು, ಸ್ವಲ್ಪ ಕೆಮ್ಮಣ್ಣು ತುಂಬಿದ್ದೇನೆ. ಅದರಲ್ಲಿ ಒಂದು ಗಿಡ ಇದೆ. ಗಿಡ ಅನ್ನುವುದಕ್ಕಿಂತ ಚಾಪೆ ಅನ್ನಬೇಕು. ದಾರದಷ್ಟು ಸಣ್ಣ ಕೆಂಪು ಕಾಂಡ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ದಪ್ಪ ಎಲೆ. ಉಗುರಿನಿಂದ ಒತ್ತಿದರೆ ನೀರು ಬರುತ್ತದೆ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟುಕೊಂಡು ಮಣ್ಣಿಗೆ ಅಂಟಿಕೊಳ್ಳುತ್ತದೆ. ಒಂದು ಮೂಲೆ ಹಿಡಿದು ಎತ್ತಿದರೆ ಒದ್ದೆ ಟವೆಲಿನ ಹಾಗೆ ಇಡೀ ಒಂದೇ ತುಂಡಾಗಿ ಮೇಲೇಳುತ್ತದೆ.

ಮೂರು ವರ್ಷ ಇದರ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಾಗಲೇಬೇಕಿತ್ತು. ಇದನ್ನು ನಾನೇ ಕಿತ್ತು, ತಂಬುಳಿ ಮಾಡಿ, ನನ್ನ ಅಕ್ಕನಿಗೆ ಬಡಿಸಿದ್ದೆ. ಮರುದಿನ ಬೆಳಿಗ್ಗೆ ಅಕ್ಕ ಇರಲಿಲ್ಲ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯಾಗಿ ಹತ್ತು ವರ್ಷ ಕಳೆದರೂ ದಿನ ಆಗಿನ ಹಾಗೆಯೇ ನಡೆಯುತ್ತದೆ. ಐದಕ್ಕೆ ಏಳುತ್ತೇನೆ. ಆರೂವರೆಗೆ ತಾರಸಿ, ಏಳಕ್ಕೆ ಕಾಫಿ, ಎಂಟಕ್ಕೆ ಸ್ನಾನ. ಒಂಬತ್ತರಿಂದ ಹನ್ನೆರಡರವರೆಗೆ ಪೂಜೆ, ಅಡುಗೆ, ಪೇಪರು. ಸಂಜೆ ಐದಕ್ಕೆ ಮತ್ತೆ ತಾರಸಿ. ಮದುವೆಯಾಗಲಿಲ್ಲವಾದ್ದರಿಂದ ಈ ವೇಳಾಪಟ್ಟಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ. ಅಕ್ಕ ಮಾತ್ರ ಗೇಲಿ ಮಾಡುತ್ತಿದ್ದಳು. ನನ್ನ ಮನೆಯಲ್ಲಿ ಬೆಕ್ಕು ಕೂಡ ಗಂಟೆ ನೋಡಿ ಹಾಲು ಕುಡಿಯುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಅಕ್ಕನ ಮನೆ ಸೀತೂರಿನ ಕಡೆ. ತಿಂಗಳಿಗೊಂದು ಶನಿವಾರ ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಬರುವುದು ನನ್ನ ಪದ್ಧತಿ. ಆ ಶನಿವಾರ ಬೇಸಗೆಯ ನಡುಮಧ್ಯ. ಅಕ್ಕನಿಗೆ ಬಾಯಿ ಹುಣ್ಣಾಗಿತ್ತು, ಉಷ್ಣ ಎಂದಳು. ಮಲೆನಾಡಿನಲ್ಲಿ ಉಷ್ಣಕ್ಕೆ ಮೊದಲ ಔಷಧ ತಂಬುಳಿ. ಯಾವುದಾದರೂ ತಂಪಿನ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಕಲಸುವುದು. ಹಿತ್ತಲಲ್ಲಿ ಒಂದೆಲಗ ಒಣಗಿಹೋಗಿತ್ತು. ಅಂಗಳಕ್ಕೆ ಹಾಸಿದ ಚಪ್ಪಡಿ ಕಲ್ಲಿನ ಸಂದುಗಳಲ್ಲಿ ಮಾತ್ರ ಈ ಸಣ್ಣ ಸೊಪ್ಪು ಬಿಸಿಲಿಗೆ ಸ್ವಲ್ಪವೂ ಬಾಡದೆ ಹಬ್ಬಿತ್ತು. ನಮ್ಮ ಅಮ್ಮ ಗೋಳಿ ಸೊಪ್ಪಿನ ತಂಬುಳಿ ಮಾಡುತ್ತಿದ್ದುದು ನನಗೆ ನೆನಪಿತ್ತು. ಅದೂ ಹೀಗೆಯೇ ದಪ್ಪ ಎಲೆಯದು. ನಾನು ಬುಟ್ಟಿ ಹಿಡಿದು ಕೂತೆ.

ಅಕ್ಕ ಜಗಲಿಯಿಂದ ಹೇಳಿದಳು: “ಅದು ಗೋಳಿ ಅಲ್ಲ ಮಾರಾಯ್ತಿ. ಗೋಳಿ ಎಲೆ ಇಷ್ಟು ಸಣ್ಣ ಇರ್ತದಾ? ಅದು ಬರೀ ಕಳೆ.”

“ಬಿಸಿಲಿಗೆ ಸಣ್ಣ ಆಗಿದೆ. ಗೋಳಿನೇ.”

“ನಿಂಗೆ ಇಂಜೆಕ್ಷನ್ ಗೊತ್ತು. ಸೊಪ್ಪು ಗೊತ್ತಿಲ್ಲ.”

“ಹುಣ್ಣು ನಿನ್ನ ಬಾಯಿಗಾ, ನನ್ನ ಬಾಯಿಗಾ? ಸುಮ್ನೆ ಕೂತ್ಕೋ.”

ವಾರ್ಡಿನಲ್ಲಿ ಮಾತಾಡಿ ಮಾತಾಡಿ ಬಂದ ದನಿ ಅದು. ಆ ದನಿಗೆ ಅಕ್ಕನೂ ಎದುರು ಹೇಳುತ್ತಿರಲಿಲ್ಲ. ಊಟಕ್ಕೆ ಎರಡು ಸಲ ಹಾಕಿಸಿಕೊಂಡು, ಕಳೆಯಾದರೂ ರುಚಿಯಾಗಿದೆ ಎಂದಳು. ಭಾವ, ಅಂದರೆ ಅಕ್ಕನ ಗಂಡ, ಹಸಿರು ಬೆರೆಸಿದ ಮಜ್ಜಿಗೆಯನ್ನು ಮುಟ್ಟುವವರಲ್ಲ. ಶನಿವಾರ ನನ್ನದು ಒಪ್ಪೊತ್ತು, ಹಗಲಿಗೆ ಬರೀ ಅವಲಕ್ಕಿ. ಹಾಗಾಗಿ ಆ ತಂಬುಳಿ ಉಂಡವಳು ಅಕ್ಕ ಒಬ್ಬಳೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿಂದ ಫೋನು ಬಂತು. ಎರಡು ಸಲ ವಾಂತಿಯಾಗಿದೆ, ಸುಸ್ತು, ಮೈ ಬೆವರುತ್ತಿದೆ ಎಂದು ಅಕ್ಕನೇ ಹೇಳಿದಳು. ನಾನು ಕೇಳಬೇಕಾದ್ದನ್ನು ಕ್ರಮವಾಗಿ ಕೇಳಿದೆ. ಎಷ್ಟು ಸಲ, ಏನು ಬಣ್ಣ, ಭೇದಿ ಇದೆಯೇ, ಜ್ವರ ಇದೆಯೇ, ಮೂತ್ರ ಹೋಯಿತೇ. ಉಪ್ಪು ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿ, ನಾಳೆ ಮೊದಲ ಬಸ್ಸಿಗೆ ಬರುತ್ತೇನೆ ಎಂದೆ. ಮರುದಿನ ಬೆಳಕು ಹರಿಯುವಾಗ ಪಕ್ಕದ ಮನೆಯ ಕಾರಿನಲ್ಲಿ ಅವಳನ್ನು ನರಸಿಂಹರಾಜಪುರದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದರು. ದಾರಿಯಲ್ಲೇ ಹೋಗಿಬಿಟ್ಟಳು.

ನಾನು ಕೊಪ್ಪದಿಂದ ನೇರ ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿ ಕಾಲಿಟ್ಟಾಗ ಭಾವ ಡ್ಯೂಟಿ ಡಾಕ್ಟರ ಎದುರು ನಿಂತಿದ್ದರು. ನನ್ನನ್ನು ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, “ಮಧ್ಯಾಹ್ನ ಅದೊಂದು ಸೊಪ್ಪು ತಿಂದಿದ್ಲು” ಎಂದರು.

ಅಷ್ಟೇ. ಇನ್ನೊಂದು ಸಲ ಅವರು ಅದನ್ನು ಹೇಳಲಿಲ್ಲ. ಹೃದಯ ನಿಂತು ಸಾವು ಎಂದು ಡಾಕ್ಟರು ಚೀಟಿಯಲ್ಲಿ ಬರೆದರು. ಅದರ ಅರ್ಥ ನನಗೆ ಗೊತ್ತಿದೆ. ಯಾವ ಸಾವಿನಲ್ಲೂ ಕೊನೆಗೆ ಹೃದಯ ನಿಂತೇ ನಿಲ್ಲುತ್ತದೆ.

ಹನ್ನೊಂದನೆಯ ದಿನ ಭಾವ ಅಂಗಳದ ಚಪ್ಪಡಿ ಸಂದುಗಳನ್ನೆಲ್ಲ ಕತ್ತಿಯ ಮೊನೆಯಿಂದ ಕೆದಕಿ, ಆ ಸೊಪ್ಪನ್ನು ಬೇರುಸಹಿತ ಕಿತ್ತು ರಾಶಿ ಹಾಕಿದರು. ಬಚ್ಚಲ ಹಂಡೆಯಿಂದ ಕುದಿಯುವ ನೀರನ್ನು ತಂದು ಸಂದು ಸಂದಿಗೂ ಹೊಯ್ದರು. ನೆಂಟರು ನೋಡಿಯೂ ನೋಡದವರಂತೆ ಒಳಗೆ ಹೋದರು. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ, ಮೆಟ್ಟಿಲ ಬುಡದಲ್ಲಿ ಒಂದು ಗೇಣು ಉಳಿದಿದ್ದು ನನ್ನ ಕಣ್ಣಿಗೆ ಬಿತ್ತು. ಸಾವಾದ ಮನೆಯಿಂದ ಏನನ್ನೂ ತರಬಾರದು, ಗಿಡವನ್ನಂತೂ ತರಲೇಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ಅದನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ.

ಬೆಳೆಸುವುದು ಸುಲಭ ಅಂದುಕೊಂಡಿದ್ದೆ. ಕಲ್ಲಿನ ಸಂದಿನಲ್ಲಿ ಯಾರೂ ನೋಡದೆ ಬೆಳೆದದ್ದು, ಡಬ್ಬದಲ್ಲಿ ನೋಡಿಕೊಂಡರೆ ಬೆಳೆಯದೇ? ದಿನಾ ಆರೂವರೆಗೆ ಒಂದು ಲೋಟ ನೀರು ಹಾಕಿದೆ. ಮೂರು ವಾರದಲ್ಲಿ ಕಾಂಡ ಗಾಜಿನಂತಾಗಿ ಕರಗತೊಡಗಿತು. ಮುಟ್ಟಿದರೆ ಲೋಳೆ. ಅದು ಸತ್ತರೆ ಉತ್ತರವೂ ಸಾಯುತ್ತದೆ. ಗಟ್ಟಿಯಿದ್ದ ನಾಲ್ಕು ತುಂಡುಗಳನ್ನು ಕತ್ತರಿಯಿಂದ ಬಿಡಿಸಿ, ಒಂದು ದಿನ ನೆರಳಲ್ಲಿ ಒಣಗಲು ಬಿಟ್ಟು, ಬರೀ ಮರಳಿನ ಮೇಲೆ ಮಲಗಿಸಿದೆ. ಎಂಟು ದಿನ ನೀರು ಕೊಡಲಿಲ್ಲ. ಒಂಬತ್ತನೆಯ ದಿನ ಗೆಣ್ಣಿನಿಂದ ಬಿಳಿ ಬೇರು ಇಳಿದಿತ್ತು. ಮಳೆಗಾಲ ಶುರುವಾದಾಗ ಡಬ್ಬವನ್ನು ಶೀಟಿನ ಕೆಳಗೆ ಎಳೆದೆ. ಆ ಗಿಡಕ್ಕೆ ಬೇಕಾದದ್ದು ಬಿಸಿಲು ಮತ್ತು ಅಲಕ್ಷ್ಯ. ಅದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ತುಂಡುಗಳನ್ನು ಮರಳಿಗೆ ಒತ್ತುವಾಗ ಕೆಲವು ದಿನ ಅಕ್ಕನ ದನಿ ಕೇಳಿಸುತ್ತಿತ್ತು. ಭಯವಾಗುವ ರೀತಿಯಲ್ಲಲ್ಲ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತ ಹೇಳಿದ ಹಾಗೆ, ಮಾಮೂಲಿ ದನಿ. ಅದು ಬರೀ ಕಳೆ. ನಾನು ಬಾಯಿಬಿಟ್ಟು “ಗೋಳಿನೇ” ಎನ್ನುತ್ತಿದ್ದೆ. ಆಚೆ ತಾರಸಿಯಲ್ಲಿ ಸಂಡಿಗೆ ಒಣಹಾಕುತ್ತಿದ್ದವರು, ನಾನು ಫೋನಿನಲ್ಲಿ ಮಾತಾಡುತ್ತಿದ್ದೇನೆ ಎಂದು ತಿಳಿದು ಮುಖ ತಿರುಗಿಸುತ್ತಿದ್ದರು. ಅವರು ಹಾಗೆ ತಿಳಿದದ್ದೇ ಒಳ್ಳೆಯದಾಯಿತು.

ಗುರುತು ಹಿಡಿಯುವ ಕೆಲಸವನ್ನೂ ಕ್ರಮವಾಗಿಯೇ ಮಾಡಿದೆ. ಮೊದಲು ಕಾಂಡ ಮುರಿದು ನೋಡಿದೆ. ನೆಲಕ್ಕೆ ಹೀಗೆಯೇ ಹಬ್ಬುವ ಹಾಲು ಬರುವ ಕಳೆಗಳಿವೆ, ಅವು ಹೊಟ್ಟೆಗೆ ಆಗುವುದಿಲ್ಲ. ಇದರಲ್ಲಿ ಹಾಲು ಬರಲಿಲ್ಲ. ಆದರೆ ಅಷ್ಟಕ್ಕೇ ನಿಶ್ಚಿಂತೆಯಿಲ್ಲ. ಅಕ್ಕ ನರ್ಸರಿಯಿಂದ ತಂದ ದಪ್ಪ ಎಲೆಯ ಬಣ್ಣ ಬಣ್ಣದ ಗಿಡಗಳನ್ನು ಜಗಲಿಯ ತುಂಬ ಇಟ್ಟಿದ್ದಳು. ಅವುಗಳ ಒಂದು ಎಲೆ ಬಿದ್ದರೂ ಬಿದ್ದಲ್ಲೇ ಚಿಗುರುತ್ತದೆ. ಅಂಥವುಗಳಲ್ಲಿ ವಿಷದವೂ ಇವೆ ಎಂದು ಓದಿದ್ದೆ. ಅಂಗಳಕ್ಕೆ ಹಬ್ಬಿದ್ದು ಅವುಗಳಲ್ಲಿ ಒಂದಾಗಿದ್ದರೆ? ಫೋನಿನಲ್ಲಿ ಗಿಡದ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್ ಹಾಕಿಕೊಂಡೆ. ಅದು ಮೂರು ದಿನ ಮೂರು ಹೆಸರು ಹೇಳಿತು. ಒಂದು ತಿನ್ನುವುದು, ಒಂದು ತಿನ್ನಬಾರದ್ದು, ಒಂದು ಅಂದದ ಗಿಡ. ಪ್ರತಿ ಸಲವೂ ಕೊನೆಗೆ, ಹೂವಿನ ಫೋಟೋ ಇದ್ದರೆ ಹಾಕಿ ಎಂದು ಕೇಳುತ್ತಿತ್ತು.

ಹೂವೇ ಬರುತ್ತಿರಲಿಲ್ಲ. ರೋಗಿಯ ಮಂಚಕ್ಕೆ ನೇತುಹಾಕುವ ಚಾರ್ಟಿನ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಕು, ನೀರು, ಎಲೆ, ಹೂ ಎಂದು ನಾಲ್ಕು ಕಾಲಮ್ಮು ಮಾಡಿದ್ದೆ. ಬೆಳಿಗ್ಗೆ ಆರೂವರೆಗೆ ನೋಡಿ ಬರೆಯುವುದು, ಸಂಜೆ ಐದಕ್ಕೆ ನೋಡಿ ಬರೆಯುವುದು. ಎರಡು ವರ್ಷ ಕೊನೆಯ ಕಾಲಮ್ಮಿನಲ್ಲಿ ಬರೆದದ್ದು ಒಂದೇ: ಇಲ್ಲ. ಒಂದು ದಿನವೂ ತಪ್ಪಿಸಲಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ನೀರಿನ ಟ್ಯಾಂಕು ತುಂಬಿ ಹರಿಯತೊಡಗಿತು. ಪೂಜೆಯ ನಡುವೆ ಎದ್ದು ತಾರಸಿಗೆ ಓಡಿದೆ. ಆಗ ಹನ್ನೊಂದು ಗಂಟೆ. ಶೀಟಿನ ಅಂಚಿನಿಂದ ಬಿಸಿಲು ನೇರ ಡಬ್ಬದ ಮೇಲೆ ಬಿದ್ದಿತ್ತು. ಅಲ್ಲಿ ಹತ್ತಾರು ಹಳದಿ ಹೂ ಅರಳಿದ್ದವು. ಮೂಗುತಿಯಷ್ಟು ಚಿಕ್ಕವು. ಒಂದೊಂದಕ್ಕೂ ನಾಲ್ಕು ದಳ. ಟ್ಯಾಂಕಿನ ನೀರು ಕಾಲಿನ ಮೇಲೆ ಹರಿಯುತ್ತಿದ್ದರೂ ಎಷ್ಟೋ ಹೊತ್ತು ನಾನು ವಾಲ್ವು ತಿರುಗಿಸಲಿಲ್ಲ.

ಫೋನು ತರಲು ಕೆಳಗೆ ಹೋದವಳು ಪೂಜೆ ಮುಗಿಸಿ, ಒಲೆಯ ಮೇಲಿದ್ದುದನ್ನು ಇಳಿಸಿ ಬಂದೆ. ಆಗ ಒಂದು ದಾಟಿತ್ತು. ಒಂದು ಹೂವೂ ಇರಲಿಲ್ಲ. ಎಲೆಯ ತುದಿಗಳಲ್ಲಿ ಹುಡುಕಿದರೂ ಇಲ್ಲ. ಬೇರೆಯವರಾದರೆ ಹೂ ಮುಚ್ಚಿಕೊಂಡವು ಎಂದು ತಿಳಿಯುತ್ತಿದ್ದರು. ನನಗೆ ಮಾತ್ರ ಮೊದಲು ಅನ್ನಿಸಿದ್ದು, ನಾನು ಕಂಡದ್ದು ಈ ಗಿಡದ ಹೂವಲ್ಲ, ಅಕ್ಕ ಏನನ್ನೋ ತೋರಿಸಿ ಮುಚ್ಚಿಟ್ಟಳು ಎಂದು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಮರುದಿನ ಮೋಡವಿತ್ತು. ಅದರ ಮರುದಿನ ಹತ್ತು ಗಂಟೆಗೇ ಹೋಗಿ ಸ್ಟೂಲು ಹಾಕಿಕೊಂಡು ಕೂತೆ. ಹತ್ತೂವರೆಗೆ ಮೊದಲನೆಯದು ಬಿಚ್ಚಿಕೊಂಡಿತು. ಹನ್ನೆರಡೂವರೆಗೆ ಎಲ್ಲವೂ ಮುದುಡಿದವು. ಎರಡು ವರ್ಷ ಅದು ತನ್ನ ಹೊತ್ತಿಗೆ ಸರಿಯಾಗಿ ಅರಳಿತ್ತು. ನನ್ನ ಹೊತ್ತಿಗೆ ಅರಳಿರಲಿಲ್ಲ, ಅಷ್ಟೇ. ನೋಟ್‌ಬುಕ್ಕಿನ ತುಂಬ ಇದ್ದ “ಇಲ್ಲ”ಗಳು ಎಲ್ಲವೂ ಸುಳ್ಳಾಗಿದ್ದವು.

ಶೃಂಗೇರಿಯಲ್ಲಿ, ಕಿಗ್ಗಕ್ಕೆ ಹೋಗುವ ರಸ್ತೆಯ ಬದಿಗೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಇದ್ದಾರೆ. ಹಿಂದೆ ಅವರಿಗೆ ಕಾಲಿನ ಆಪರೇಷನ್ ಆದಾಗ ಡ್ರೆಸ್ಸಿಂಗ್ ಮಾಡಿದವಳು ನಾನು. ಡಬ್ಬವನ್ನೇ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಬಿಸಿಲು ಬಿದ್ದ ಕಟ್ಟೆಯ ಮೇಲೆ ಇಟ್ಟು ಹೂ ಬಿಚ್ಚುವವರೆಗೆ ಇಬ್ಬರೂ ಕಾದೆವು. ಅವರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ಬಗ್ಗಿ ನೋಡಿದರು. ಎಲೆ ಎದುರುಬದುರು ಜೋಡಿಯಾಗಿರುವುದನ್ನು ತೋರಿಸಿದರು. ಗೆಣ್ಣಿನಲ್ಲಿ ಬಿಳಿ ಕೂದಲಿನ ಹಾಗೆ ಏನೋ ಇರುವುದನ್ನು ತೋರಿಸಿದರು, ಅದನ್ನು ನಾನು ಬೂಷ್ಟು ಎಂದುಕೊಂಡಿದ್ದೆ. ಒಂದು ಕಾಯಿಯನ್ನು ಉಗುರಿನಿಂದ ತಟ್ಟಿದರು. ಡಬ್ಬಿಯ ಮುಚ್ಚಳ ತೆಗೆದಂತೆ ಮೇಲಿನ ಅರ್ಧ ಕಳಚಿ, ಒಳಗೆ ಕಪ್ಪು ಬೀಜ ಕಂಡವು.

ಸಂಶಯವೇ ಇಲ್ಲ, ಇದು ಗೋಳಿ ಸೊಪ್ಪಿನ ಕುಟುಂಬದ್ದೇ, ಸಣ್ಣ ಜಾತಿ ಎಂದರು. ದೊಡ್ಡ ಗೋಳಿಗೆ ಐದು ದಳ, ಇದಕ್ಕೆ ನಾಲ್ಕು. ಎರಡನ್ನೂ ತಿನ್ನುತ್ತಾರೆ.

“ತಂಬುಳಿ ಮಾಡಿದ್ರೆ?” ಎಂದು ಕೇಳಿದೆ.

“ಮಾಡಿ. ಉಪ್ಪು ಸ್ವಲ್ಪ ಕಮ್ಮಿ ಹಾಕಿ, ಸೊಪ್ಪಲ್ಲೇ ಹುಳಿ ಉಪ್ಪು ಇರ್ತದೆ.”

“ತಿಂದವರು ಸಾಯ್ತಾರಾ?”

ಅವರು ಭೂತಗನ್ನಡಿ ಕೆಳಗಿಟ್ಟು ನನ್ನನ್ನು ನೋಡಿದರು. ಅವರಿಗೆ ವಿಷಯ ಗೊತ್ತಿರಲಿಲ್ಲ. “ಇದ್ರಿಂದ ಸಾಯ್ಲಿಕ್ಕೆ ಆಗೂದಿಲ್ಲ ಸಿಸ್ಟರ್” ಎಂದು ಮೆಲ್ಲಗೆ ಹೇಳಿದರು.

ಈ ಮಾತನ್ನು ಕೇಳಲು ಮೂರು ವರ್ಷ ಕಾದಿದ್ದೆ. ಕೇಳಿದ ಮೇಲೆ ಹಗುರವಾಗಬೇಕಿತ್ತು. ವಾಪಸ್ಸು ಬರುವ ಬಸ್ಸಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ, ನನ್ನ ದವಡೆ ನೋಯತೊಡಗಿತು. ಹಲ್ಲು ಕಚ್ಚಿಕೊಂಡಿದ್ದೆ. ಆಗ ಆ ಸಂಜೆಯ ಫೋನಿನ ಕೊನೆಯ ಮಾತು ನೆನಪಿಗೆ ಬಂತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮೇಲೆ ಆ ಫೋನಿನ ವಿಷಯ ಬರೆಯುವಾಗಲೂ ಆ ಮಾತನ್ನು ಬಿಟ್ಟಿದ್ದೇನೆ. ಅದನ್ನು ಬಿಟ್ಟು ಉಳಿದದ್ದನ್ನು ಹೇಳುವುದು ನನಗೆ ಅಷ್ಟು ಅಭ್ಯಾಸವಾಗಿದೆ.

ನಾನು ಉಪ್ಪು ಸಕ್ಕರೆ ನೀರಿನ ವಿಷಯ ಹೇಳಿ ಮುಗಿಸಿದ ಮೇಲೆ ಅಕ್ಕ ಹೇಳಿದ್ದು ಹೀಗೆ: “ದವಡೆ ಎಲ್ಲ ನೋಯ್ತಿದೆ ಮಾರಾಯ್ತಿ, ನಿನ್ನ ಕಳೆ ಜಗ್ದು ಜಗ್ದು.”

“ತಂಬುಳಿ ಯಾರಾದ್ರೂ ಜಗೀತಾರಾ?” ಎಂದು ನಾನು ನಕ್ಕೆ.

ಅರವತ್ತೆಂಟರ ಹೆಂಗಸು, ಸಕ್ಕರೆ ಕಾಯಿಲೆ, ವಾಂತಿ, ತಣ್ಣನೆಯ ಬೆವರು, ದವಡೆ ನೋವು. ನರ್ಸಿಂಗ್ ಕಲಿಯುವ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಇದನ್ನು ನಾನೇ ಬಾಯಿಪಾಠ ಮಾಡಿಸಿದ್ದೇನೆ. ಹೆಂಗಸರಿಗೆ ಎದೆಯೇ ನೋಯಬೇಕೆಂದಿಲ್ಲ, ದವಡೆ ಅಂದರೆ ತಕ್ಷಣ ಹೃದಯ ನೆನೆಯಿರಿ ಎಂದು. ಆದರೆ ಆ ಸಂಜೆ ನಾನು ಹೊಟ್ಟೆ ಕೆಟ್ಟವರಿಗೆ ಕೇಳುವ ಪ್ರಶ್ನೆಗಳ ಸಾಲಿನಲ್ಲಿದ್ದೆ. ಆ ಸಾಲಿನಲ್ಲಿ ದವಡೆ ಇರಲಿಲ್ಲ. ಅವಳು ತಮಾಷೆಯಾಗಿ ಹೇಳಿದಳು, ನಾನು ತಮಾಷೆಯಾಗಿ ಕೇಳಿದೆ. ಆಗಲೇ ಕಾರು ಹತ್ತಿಸಿ ಎಂದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾರೆ. ಹಾಗೆ ಬದುಕಿ ಉಳಿದವರನ್ನು ನೋಡಿದ್ದೇನೆ. ಸೊಪ್ಪಿನ ಮೇಲೆ ಸಂಶಯ ಇರುವವರೆಗೆ ಇದನ್ನು ನಾನು ಯೋಚಿಸಬೇಕಾಗಿರಲಿಲ್ಲ. ಎಣ್ಣೆ ಡಬ್ಬದಲ್ಲಿ ಅಷ್ಟು ಜೋಪಾನವಾಗಿ ಬೆಳೆಸಿದ್ದು ಆ ಸಂಶಯವನ್ನು.

ಮುಂದಿನ ಶನಿವಾರದವರೆಗೆ ಕಾಯಲಿಲ್ಲ. ಮರುದಿನವೇ ಸೀತೂರಿಗೆ ಹೋದೆ.

ಭಾವ ಜಗಲಿಯಲ್ಲಿ ಒಣಗಿದ ಬಟ್ಟೆಯ ರಾಶಿ ಹಾಕಿಕೊಂಡು ಮಡಚುತ್ತಿದ್ದರು. ಅಕ್ಕ ಹೋದ ಮೇಲೆ ನಾನು ತಿಥಿಗೆ ಬಿಟ್ಟರೆ ಬೇರೆ ದಿನ ಬಂದವಳಲ್ಲ. ಇವತ್ತು ಯಾವ ವಾರ ಎಂದು ಕೇಳಿದರು. ನಾನು ನಿಂತೇ ಹೇಳಿದೆ, ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ಒಪ್ಪಿಸುವ ಹಾಗೆ. ಸೊಪ್ಪು ಗೋಳಿಯೇ. ತಿನ್ನುವ ಸೊಪ್ಪು. ಮೇಷ್ಟ್ರು ನೋಡಿ ಹೇಳಿದ್ದಾರೆ.

“ಹಂಗಾದ್ರೆ?” ಎಂದರು.

“ದವಡೆ ನೋಯ್ತಿದೆ ಅಂದಿದ್ಲು ಭಾವ, ಫೋನಲ್ಲಿ. ಅದು ಹೃದಯದ್ದು. ನಂಗೆ ಗೊತ್ತಾಗ್ಬೇಕಿತ್ತು. ನಾ ನಕ್ಕೆ.”

ಅವರು ಒಂದು ಪಂಚೆಯನ್ನು ಮಡಚಿ, ಅಂಚು ಸರಿಯಾಗಲಿಲ್ಲವೆಂದು ಬಿಚ್ಚಿ, ಮತ್ತೆ ಮಡಚಿದರು.

“ಫೋನು ಸ್ಪೀಕರಲ್ಲಿತ್ತು” ಎಂದರು. “ನಾನೂ ಕೇಳಿದ್ದೆ.”

ನಾನು ಮೆಟ್ಟಿಲ ಮೇಲೆ ಕೂತೆ. ಅವರು ಬಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಅದನ್ನೇ. ನಿನ್ನೆ ಎದೆ, ದವಡೆ ಏನಾದರೂ ನೋವು ಎಂದಿದ್ದರಾ ಎಂದು. ಹೌದು ಎನ್ನಲು ಬಾಯಿ ತೆರೆದಿದ್ದರಂತೆ. ಅಷ್ಟರಲ್ಲಿ ನಾನು ಬಾಗಿಲಲ್ಲಿ ಬಂದು ನಿಂತೆ.

“ನಿನ್ನ ಮುಖ ನೋಡಿದೆ. ಎಂತ ಹೇಳೂದು? ಸೊಪ್ಪು ಅಂದೆ.”

“ಮತ್ತೆ ಅಂಗಳದ್ದು ಕಿತ್ತಿದ್ದು?”

“ಹೇಳಿದ್ಮೇಲೆ ಕೀಳ್ಬೇಕಲ್ಲ.”

ಸೊಪ್ಪೆಂದರೆ ಬರೀ ಅಜ್ಞಾನ, ಯಾರಿಗೂ ಆಗಬಹುದಾದ ತಪ್ಪು. ದವಡೆಯೆಂದರೆ ನನ್ನ ಇಡೀ ಕೆಲಸ. ಎರಡರಲ್ಲಿ ಯಾವುದನ್ನು ನಾನು ಹೊರಬಲ್ಲೆ ಎಂದು ಅವರು ಆ ಡಾಕ್ಟರ ಎದುರು, ಹೆಂಡತಿಯ ಹೆಣದ ಪಕ್ಕ ನಿಂತು, ಒಂದು ಕ್ಷಣದಲ್ಲಿ ಲೆಕ್ಕ ಹಾಕಿದ್ದರು. ನಾನು ಅದನ್ನು ಮೂರು ವರ್ಷ ಅವರ ದೂರು ಎಂದುಕೊಂಡು ದೂರವಿದ್ದೆ.

ಭಾವ ಕೊನೆಯ ಟವೆಲು ಮಡಚಿ ರಾಶಿಯ ಮೇಲಿಟ್ಟು, ತಡೆದು ತಡೆದು ಹೇಳಿದರು:

“ನೀ ನಕ್ಕಿದ್ದಕ್ಕೆ ಅವಳಿಗೂ ನಗು ಬಂತು. ಜೋರಾಗಿ ನಕ್ಕಿದ್ಲು. ಆಮೇಲೆ ನಗಲಿಲ್ಲ. ನಿಂಗೆ ಕೇಳ್ಸಿರ್ಬೇಕಲ್ಲ?”

ಕೇಳಿಸಿರಲಿಲ್ಲ. ಅಷ್ಟು ಹೊತ್ತಿಗೆ ನಾನು ಫೋನು ಇಟ್ಟಿದ್ದೆ.